ಹಳೆಯ ಕ್ಯಾಮೆರಾಕ್ಕೆ ರೋಲ್ ಎಲ್ಲಿ ಕೊಳ್ಳಬೇಕು, ಯಾರ ಹತ್ತಿರ ತೊಳೆಸಬೇಕು

ಫಿಲ್ಮ್ ಕೆಡುವ ಸಾಮಾನು. ಅದನ್ನು ತೊಳೆಯುವ ಕೆಮಿಕಲ್ ಅದಕ್ಕಿಂತಲೂ ಬೇಗ ಕೆಡುತ್ತದೆ. ಹಳೆಯ ಕ್ಯಾಮೆರಾ ಕೈಗೆ ಬಂದವರು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಇರುವುದು ಈ ಎರಡು ಮಾತುಗಳಲ್ಲೇ. ಅಂಗಡಿ ಹತ್ತಿರವಿದೆಯೇ, ದರ ಕಡಿಮೆಯೇ ಎಂಬುದು ಆಮೇಲಿನ ವಿಚಾರ. ಅಲ್ಲಿ ಸರಕು ಓಡುತ್ತಿದೆಯೇ ಎಂಬುದು ಮೊದಲು. ಬಂದ ರೋಲ್ ವಾರದೊಳಗೆ ಖಾಲಿಯಾಗುವ ಅಂಗಡಿಯಲ್ಲಿ ಹಳೆಯ ಫಿಲ್ಮ್ ಉಳಿಯುವುದಕ್ಕೆ ಜಾಗವೇ ಇರುವುದಿಲ್ಲ. ದಿನವೂ ಕೆಲಸ ಬೀಳುವ ಲ್ಯಾಬಿನಲ್ಲಿ ಡೆವಲಪರ್, ಅಂದರೆ ಚಿತ್ರ ಮೂಡಿಸುವ ಕೆಮಿಕಲ್, ನಿಸ್ಸತ್ವವಾಗುವ ಸಂಭವ ಕಡಿಮೆ. ದೂರದ, ಸ್ವಲ್ಪ ದುಬಾರಿಯ, ಆದರೆ ಕೆಲಸ ಓಡುವ ಜಾಗವನ್ನೇ ಆರಿಸಿ ಎಂದು ನಾನು ಹೇಳುವುದು ಈ ಕಾರಣಕ್ಕೆ.

ಅಂಗಡಿಗೆ ಹೋಗುವ ಮೊದಲು ನಿಮ್ಮ ಕ್ಯಾಮೆರಾ ಯಾವ ರೋಲ್ ಕೇಳುತ್ತದೆ ಎಂಬುದು ಗೊತ್ತಿರಬೇಕು. ಹಾಗೆಂದು ಹಿಂಬಾಗಿಲನ್ನು ತಟ್ಟನೆ ತೆರೆಯಬೇಡಿ. 35 ಎಂಎಂ ಕ್ಯಾಮೆರಾ ಆದರೆ ರಿವೈಂಡ್ ಗುಂಡಿಯನ್ನು ಬಾಣದ ದಿಕ್ಕಿಗೆ ಮೆಲ್ಲಗೆ ತಿರುಗಿಸಿ ನೋಡಿ. ತುಸು ತಿರುಗಿ ಬಿಗಿ ಹಿಡಿದರೆ ಒಳಗೆ ಯಾರೋ ಬಿಟ್ಟುಹೋದ ಫಿಲ್ಮ್ ಇದೆ ಎಂದರ್ಥ. ಬಾಕ್ಸ್ ಕ್ಯಾಮೆರಾ, ಮಡಚುವ ಕ್ಯಾಮೆರಾಗಳಲ್ಲಿ ಬೆನ್ನಿನ ಮೇಲಿನ ಕೆಂಪು ಕಿಟಕಿಯಲ್ಲಿ ಕಾಗದವೋ ಅಂಕಿಯೋ ಕಂಡರೆ ರೋಲ್ ಒಳಗಿದೆ. ಅದನ್ನು ಕೊನೆಯವರೆಗೂ ಸುತ್ತಿ, ಕತ್ತಲಲ್ಲಿ ತೆಗೆದಿಡಿ. ಹತ್ತಾರು ವರ್ಷ ಒಳಗೇ ಉಳಿದ ಫಿಲ್ಮಿನಿಂದಲೂ, ಅದರಲ್ಲೂ ಕಪ್ಪು-ಬಿಳುಪಾದರೆ, ಚಿತ್ರ ಬರುವುದುಂಟು.

ಇವತ್ತು ಎಲ್ಲ ಕಡೆ ಸುಲಭವಾಗಿ ಸಿಗುವ ಅಳತೆಗಳು ಎರಡೇ. ಒಂದು 135, ಅಂದರೆ ಎಲ್ಲರಿಗೂ ಗೊತ್ತಿರುವ 35 ಎಂಎಂ ಕ್ಯಾಸೆಟ್. 1934ರಲ್ಲಿ ಕೋಡಕ್ ತಂದದ್ದು. ಇನ್ನೊಂದು 120, ಕಪ್ಪು ಕಾಗದದ ಜೊತೆ ಸ್ಪೂಲಿಗೆ ಸುತ್ತಿದ ರೋಲ್. 1901ರಿಂದ ಇಂದಿನವರೆಗೆ ತಯಾರಿಕೆ ನಿಲ್ಲದೆ ಬಂದಿದೆ. ನಿಮ್ಮದು ಈ ಎರಡರಲ್ಲಿ ಒಂದಾದರೆ ಅರ್ಧ ತಲೆನೋವು ಕಳೆಯಿತು. 120ರಲ್ಲಿ ಚಿತ್ರದ ಚೌಕಟ್ಟು ಎಷ್ಟು ಎಂಬುದನ್ನು ಕ್ಯಾಮೆರಾ ನಿರ್ಧರಿಸುತ್ತದೆ: 6×9 ಸೆಂ.ಮೀ. ಆದರೆ 8 ಚಿತ್ರ, 6×6 ಆದರೆ 12, 6×4.5 ಆದರೆ ಸಾಮಾನ್ಯವಾಗಿ 16. ರೋಲ್ ಮಾತ್ರ ಒಂದೇ. ಕಾಗದದ ಹಿಂಬದಿಯಲ್ಲಿ ಈ ಮೂರಕ್ಕೂ ಬೇರೆ ಬೇರೆ ಸಾಲಿನಲ್ಲಿ ಅಂಕಿ ಅಚ್ಚಾಗಿರುತ್ತದೆ. ಯಾವ ಸಾಲು ಕೆಂಪು ಕಿಟಕಿಯ ಕೆಳಗೆ ಬರುತ್ತದೆಯೋ ಅದೇ ನಿಮ್ಮ ಲೆಕ್ಕ.

ಗೊಂದಲ ಹೆಚ್ಚು ಇರುವುದು 620ರಲ್ಲಿ. 1930ರ ದಶಕದ ಆರಂಭದಲ್ಲಿ ಕೋಡಕ್ ಇದನ್ನು ತಂದಿತು, 1995ರಲ್ಲಿ ನಿಲ್ಲಿಸಿತು. ಒಳಗಿನ ಫಿಲ್ಮ್, ಕಾಗದ ಎಲ್ಲವೂ 120ರದ್ದೇ; ವ್ಯತ್ಯಾಸ ಸ್ಪೂಲಿನಲ್ಲಿ. 620ರ ನಡುಗಂಬ ತೆಳು, ಎರಡು ತುದಿಯ ತಟ್ಟೆಗಳು ಚಿಕ್ಕವು. ಹಾಗಾಗಿ 120 ರೋಲ್ ಅನೇಕ 620 ಕ್ಯಾಮೆರಾಗಳೊಳಗೆ ಕೂರುವುದಿಲ್ಲ, ಕೂತರೂ ತಿರುಗುವುದಿಲ್ಲ. ಕೆಲವರು ಉಗುರು ಕತ್ತರಿಯಿಂದ ತಟ್ಟೆಯ ಅಂಚನ್ನು ಸುತ್ತಲೂ ಸವರಿ, ಉಜ್ಜಿ ಚಿಕ್ಕದು ಮಾಡುತ್ತಾರೆ. ಕೆಲವು ಕ್ಯಾಮೆರಾಗಳಲ್ಲಿ ಇದು ನಡೆಯುತ್ತದೆ. ಆದರೆ ಪ್ಲಾಸ್ಟಿಕ್ ಚೂರು ಒಳಗೆ ಬಿದ್ದು ಫಿಲ್ಮಿಗೆ ಗೀರು ಬೀಳುವ ಭಯವಿದೆ, ತಟ್ಟೆ ಹೆಚ್ಚು ಸವೆದರೆ ಅಂಚಿನಿಂದ ಬೆಳಕೂ ನುಗ್ಗುತ್ತದೆ. ಸ್ಪೂಲ್ ಬದಲಿಸಿ ಸುತ್ತುವುದೇ ಸರಿಯಾದ ದಾರಿ.

ಅದಕ್ಕೆ ಎರಡು ಖಾಲಿ 620 ಸ್ಪೂಲ್ ಮತ್ತು ಪೂರ್ತಿ ಕತ್ತಲಿನ ಕೋಣೆ ಅಥವಾ ಚೇಂಜಿಂಗ್ ಬ್ಯಾಗ್ (ಕೈ ತೂರಿಸಿ ಕೆಲಸ ಮಾಡುವ, ಬೆಳಕು ನುಗ್ಗದ ಚೀಲ) ಬೇಕು. ಕತ್ತಲಲ್ಲಿ 120 ರೋಲನ್ನು ಬಿಚ್ಚುತ್ತಾ ಮೊದಲ 620 ಸ್ಪೂಲಿಗೆ ಬಿಗಿಯಾಗಿ ಸುತ್ತಿಕೊಳ್ಳಿ. ಸ್ವಲ್ಪ ಕಾಗದ ಹೋದ ಮೇಲೆ ಫಿಲ್ಮಿನ ತುದಿ ಬೆರಳಿಗೆ ಸಿಗುತ್ತದೆ; ಅದನ್ನು ಕಾಗದಕ್ಕೆ ಟೇಪ್ ಹಾಕಿ ಅಂಟಿಸಿರುತ್ತಾರೆ. ಇನ್ನೊಂದು ತುದಿಗೆ ಟೇಪ್ ಇರುವುದಿಲ್ಲ. ಪೂರ್ತಿ ಸುತ್ತಿದ ಮೇಲೆ ರೋಲ್ ಈಗ ಹಿಂದುಮುಂದಾಗಿದೆ, ಹಾಗಾಗಿ ಎರಡನೇ 620 ಸ್ಪೂಲಿಗೆ ಇನ್ನೊಮ್ಮೆ ಸುತ್ತಬೇಕು. ಈ ಸಲ ಅಂಟಿಸದ ತುದಿ ಮೊದಲು ಬರುತ್ತದೆ, ಅದನ್ನು ಕಾಗದದ ಮಡಿಲಿಗೆ ನೇರವಾಗಿ ತುರುಕಿ ಸುತ್ತುತ್ತಾ ಬನ್ನಿ. ಕೊನೆಗೆ ಟೇಪ್ ಇರುವ ಜಾಗಕ್ಕೆ ಬಂದಾಗ ಫಿಲ್ಮ್ ಉಬ್ಬಿ ನಿಲ್ಲುತ್ತದೆ, ಯಾಕೆಂದರೆ ಎರಡು ಸ್ಪೂಲಿನ ಬಿಗಿ ಒಂದೇ ಇರುವುದಿಲ್ಲ. ಆ ಉಬ್ಬನ್ನು ಹಾಗೇ ಬಿಟ್ಟು ಸುತ್ತಿದರೆ ಕ್ಯಾಮೆರಾದೊಳಗೆ ಫಿಲ್ಮ್ ಚಪ್ಪಟೆಯಾಗಿ ಕೂರುವುದಿಲ್ಲ, ಮೊದಲ ಚಿತ್ರಗಳ ಫೋಕಸ್ ಹೋಗುತ್ತದೆ. ಟೇಪನ್ನು ಮೆಲ್ಲಗೆ ಎಬ್ಬಿಸಿ, ಫಿಲ್ಮನ್ನು ಸಮ ಮಾಡಿ, ಮತ್ತೆ ಅಂಟಿಸಿ. ಮೊದಲ ಸಲ ಒಂದು ಹಾಳು ರೋಲ್ ಇಟ್ಟುಕೊಂಡು ಬೆಳಕಿನಲ್ಲೇ ಕಣ್ಣು ಮುಚ್ಚಿ ಅಭ್ಯಾಸ ಮಾಡಿಕೊಂಡರೆ ಕತ್ತಲಲ್ಲಿ ಕೈ ತಡಕಾಡುವುದಿಲ್ಲ.

620 ಇಟ್ಟುಕೊಂಡವರು ಮರೆಯಬಾರದ ಇನ್ನೊಂದು ಸಂಗತಿಯಿದೆ. ಲ್ಯಾಬಿಗೆ ರೋಲ್ ಕೊಡುವಾಗ ‘ಸ್ಪೂಲ್ ವಾಪಸ್ ಬೇಕು’ ಎಂದು ರೋಲಿನ ಮೇಲೆಯೇ ಬರೆಯಿರಿ. ಲ್ಯಾಬುಗಳಿಗೆ ಖಾಲಿ ಸ್ಪೂಲ್ ಎಂದರೆ ಕಸ, ಹೇಳದಿದ್ದರೆ ಬುಟ್ಟಿಗೆ ಹೋಗುತ್ತದೆ. ಲೋಹದ 620 ಸ್ಪೂಲ್ ಹುಡುಕುವುದು ರೋಲ್ ಹುಡುಕುವುದಕ್ಕಿಂತ ಕಷ್ಟ.

ಉಳಿದ ಅಳತೆಗಳ ಕಥೆ ಬೇಗ ಮುಗಿಯುತ್ತದೆ. 1912ರಲ್ಲಿ ಬಂದ 127 ರೋಲನ್ನು ಕೋಡಕ್ 1995ರಲ್ಲಿ ಬಿಟ್ಟಿತು. ಈಗ ಚಿಕ್ಕ ತಯಾರಕರು ಆಗೀಗ ಮಾಡುತ್ತಾರೆ, ಇಲ್ಲವೇ 120 ಫಿಲ್ಮನ್ನು 46 ಮಿ.ಮೀ. ಅಗಲಕ್ಕೆ ಸೀಳಿ ಸುತ್ತಿ ಮಾರುತ್ತಾರೆ. 1972ರ 110 ಕಾರ್ಟ್ರಿಜ್ ಅನ್ನು ಲೋಮೋಗ್ರಫಿ 2012ರಿಂದ ಮತ್ತೆ ತರುತ್ತಿದೆ. ಆದರೆ 16 ಮಿ.ಮೀ. ಅಗಲದ ಫಿಲ್ಮ್ ಹಿಡಿಯುವ ರೀಲೂ ಸ್ಕ್ಯಾನ್ ಚೌಕಟ್ಟೂ ಇರುವ ಲ್ಯಾಬ್ ಕಡಿಮೆ, ರೋಲ್ ಕೊಳ್ಳುವ ಮೊದಲೇ ವಿಚಾರಿಸಿ. 1963ರ 126 ಕಾರ್ಟ್ರಿಜ್ ಈಗ ಹೊಸದಾಗಿ ಬರುವುದಿಲ್ಲ. ಹಳೆಯ ಕಾರ್ಟ್ರಿಜ್ ಬಿಡಿಸಿ 35 ಎಂಎಂ ಫಿಲ್ಮ್ ತುಂಬುವವರಿದ್ದಾರೆ. 116 ಮತ್ತು 616 ನಿಂತದ್ದು 1984ರಲ್ಲಿ; ಎರಡು ತುದಿಗೂ ಅಡಾಪ್ಟರ್ ಸಿಕ್ಕಿಸಿ 120 ರೋಲ್ ಓಡಿಸಬಹುದು. ಎಪಿಎಸ್ ಕ್ಯಾಸೆಟ್ 1996ರಲ್ಲಿ ಬಂತು, 2011ರಲ್ಲಿ ಮುಗಿಯಿತು, ಸಿಗುವುದೆಲ್ಲ ಅವಧಿ ಮೀರಿದ್ದೇ. 1982ರ ಡಿಸ್ಕ್ ಕ್ಯಾಮೆರಾ ಸಿಕ್ಕಿದ್ದರೆ ಕಪಾಟಿನಲ್ಲಿಡಿ, ಅದರ ಹಿಂದೆ ಬೀಳಬೇಡಿ.

ಅಳತೆಯಷ್ಟೇ ಮುಖ್ಯವಾದದ್ದು ಪ್ರೋಸೆಸ್, ಅಂದರೆ ತೊಳೆಯುವ ವಿಧಾನ. ಕ್ಯಾಸೆಟ್ ಮೇಲೆ ಅದರ ಹೆಸರು ಅಚ್ಚಾಗಿರುತ್ತದೆ, ಲ್ಯಾಬಿನವರು ಮೊದಲು ನೋಡುವುದೂ ಅದನ್ನೇ. ಕಲರ್ ನೆಗೆಟಿವ್ ಎಂದರೆ ಸಿ-41, ಸ್ಲೈಡ್ ಎಂದರೆ ಇ-6. ಸಾಂಪ್ರದಾಯಿಕ ಕಪ್ಪು-ಬಿಳುಪು ಇವೆರಡಕ್ಕೂ ಸೇರದ್ದು, ಸಿ-41 ಯಂತ್ರಕ್ಕೆ ಹಾಕಿದರೆ ಬ್ಲೀಚ್ ಮತ್ತು ಫಿಕ್ಸರ್ ಎಂಬ ಕೆಮಿಕಲ್ ಸೇರಿ ಚಿತ್ರ ಹಿಡಿದ ಬೆಳ್ಳಿಯನ್ನೆಲ್ಲ ತೊಳೆದು ಖಾಲಿ ಪಟ್ಟಿ ಕೈಗೆ ಬರುತ್ತದೆ. ಇಲ್ಫರ್ಡ್ ಎಕ್ಸ್‌ಪಿ2 ಸೂಪರ್ ಮಾತ್ರ ಇದಕ್ಕೆ ಹೊರತು. ಅದು ಕಪ್ಪು-ಬಿಳುಪು ಚಿತ್ರ ಕೊಡುತ್ತದೆ, ಆದರೆ ಸಿ-41ರಲ್ಲೇ ತೊಳೆಯಬೇಕು. ಕಲರ್ ಲ್ಯಾಬ್ ಮಾತ್ರ ಹತ್ತಿರವಿದ್ದು ಕಪ್ಪು-ಬಿಳುಪು ಬೇಕೆನ್ನುವವರಿಗೆ ಇದಕ್ಕಿಂತ ಒಳ್ಳೆಯ ಫಿಲ್ಮ್ ಇಲ್ಲ.

ನಾಲ್ಕನೆಯದು ಸಿನಿಮಾ ಫಿಲ್ಮಿನ ಇಸಿಎನ್-2. ಇಂಥ ಅನೇಕ ಫಿಲ್ಮುಗಳ ಬೆನ್ನಿಗೆ ರೆಮ್‌ಜೆಟ್ ಎಂಬ ಮಸಿಯಂಥ ಕಪ್ಪು ಪದರ ಇರುತ್ತದೆ. ಸಿನಿಮಾ ಲ್ಯಾಬಿನಲ್ಲಿ ಮೊದಲು ಅದನ್ನು ತೆಗೆದು ಆಮೇಲೆ ತೊಳೆಯುತ್ತಾರೆ. ಗೊತ್ತಿಲ್ಲದೆ ಸಿ-41 ಯಂತ್ರಕ್ಕೆ ಹಾಕಿದರೆ ಮಸಿ ಬಿಟ್ಟುಕೊಂಡು ಟ್ಯಾಂಕು, ರೋಲರು ಎಲ್ಲಕ್ಕೂ ಹತ್ತುತ್ತದೆ, ಹಿಂದೆ ಬರುವ ಎಲ್ಲರ ರೋಲ್ ಮೇಲೂ ಕಲೆ ಕೂರುತ್ತದೆ. ಸಿನೆಸ್ಟಿಲ್ 800ಟಿಯಂಥ ಫಿಲ್ಮ್‌ಗಳಲ್ಲಿ ಈ ಪದರವನ್ನು ಮೊದಲೇ ತೆಗೆದಿರುವುದರಿಂದ ಅವು ಸಿ-41ಗೆ ಸಲ್ಲುತ್ತವೆ. ದೀಪಗಳ ಸುತ್ತ ಕೆಂಪು ಪ್ರಭೆ ಕಾಣುವುದೂ ಪದರ ಇಲ್ಲದಿರುವುದರಿಂದಲೇ. ಸಿನಿಮಾ ಫಿಲ್ಮನ್ನು ಚೂರು ಮಾಡಿ ಕ್ಯಾಸೆಟ್‌ಗೆ ತುಂಬಿ, ಆಕರ್ಷಕ ಹೆಸರು ಅಂಟಿಸಿ ಮಾರುವವರು ಬಹಳ. ಪ್ರೋಸೆಸ್ ಹೆಸರು ಇಲ್ಲದ, ಇನ್ಯಾವುದೋ ಲೇಬಲ್ ಮೇಲೆ ಹೊಸ ಲೇಬಲ್ ಅಂಟಿಸಿದ ಕ್ಯಾಸೆಟ್ ಸಿಕ್ಕರೆ ಮಾರುವವರನ್ನು ನೇರವಾಗಿ ಕೇಳಿ: ಇದು ಯಾವ ಕಾರ್ಖಾನೆಯ ಯಾವ ಫಿಲ್ಮ್, ರೆಮ್‌ಜೆಟ್ ಇದೆಯೇ? ಉತ್ತರ ಬರದಿದ್ದರೆ ಕೊಳ್ಳಬೇಡಿ, ಲ್ಯಾಬಿಗಂತೂ ಹೇಳದೆ ಕೊಡಲೇಬೇಡಿ.

ಹಳೆಯ ಕ್ಯಾಮೆರಾದೊಳಗೆ ಸಿಕ್ಕ ರೋಲ್ ಕೋಡಾಕ್ರೋಮ್ ಆಗಿದ್ದರೆ ಬಣ್ಣದ ಆಸೆ ಬಿಡಿ. ಅದರ ಕೆ-14 ಪ್ರೋಸೆಸ್ ನಡೆಸುತ್ತಿದ್ದ ಕೊನೆಯ ಲ್ಯಾಬ್, ಅಮೆರಿಕದ ಕ್ಯಾನ್ಸಸ್‌ನ ಪಾರ್ಸನ್ಸ್ ಊರಿನ ಡ್ವೇನ್ಸ್ ಫೋಟೋ, 2010ರ ಡಿಸೆಂಬರ್ 30ರವರೆಗೆ ಬಂದ ರೋಲ್‌ಗಳನ್ನು ಮಾತ್ರ ತೆಗೆದುಕೊಂಡಿತು. ಸಿ-41ಕ್ಕೂ ಹಿಂದಿನ ಸಿ-22 ರೋಲುಗಳದ್ದೂ ಇದೇ ಪಾಡು. ಅವನ್ನು ಈಗಿನ 38 ಡಿಗ್ರಿಯ ಕೆಮಿಕಲ್‌ನಲ್ಲಿ ಮುಳುಗಿಸಿದರೆ ಎಮಲ್ಷನ್, ಅಂದರೆ ಚಿತ್ರ ಹಿಡಿಯುವ ಪದರ, ಮೆತ್ತಗಾಗಿ ಕಳಚಿ ಬರಬಹುದು. ಎರಡನ್ನೂ ಕಪ್ಪು-ಬಿಳುಪಾಗಿ ತೊಳೆಯಬಹುದು. ಹಳೆಯ ಫಿಲ್ಮಿನಲ್ಲಿ ಫಾಗ್ (ಫಿಲ್ಮಿನ ಮೇಲೆಲ್ಲ ಹರಡುವ ಮಬ್ಬು) ಕಡಿಮೆ ಎಬ್ಬಿಸುವ ಎಚ್‌ಸಿ-110 ಡೆವಲಪರನ್ನು ಇದಕ್ಕೆ ಹೆಚ್ಚಿನವರು ಆರಿಸುತ್ತಾರೆ. ಇಂಥ ರೋಲ್‌ಗಳಿಗೆಂದೇ ಇರುವ ಲ್ಯಾಬುಗಳೂ ಇವೆ; ಮನೆಯ ಹಿರಿಯರ ಚಿತ್ರ ಇರಬಹುದೆನ್ನಿಸಿದರೆ ಅವರಿಗೇ ಕೊಡಿ.

ಹೊಸ ಫಿಲ್ಮ್ ಇನ್ನೂ ಹಲವು ಕಡೆ ತಯಾರಾಗುತ್ತಿದೆ, ಈ ಮಾತು ಸಂತೋಷದಿಂದ ಹೇಳಬೇಕಾದದ್ದು. ಅಮೆರಿಕದ ರೋಚೆಸ್ಟರ್‌ನಲ್ಲಿ ಕೋಡಕ್, ಇಂಗ್ಲೆಂಡಿನ ಮಾಬರ್ಲಿಯಲ್ಲಿ ಇಲ್ಫರ್ಡ್ ಮತ್ತು ಕೆಂಟ್ಮಿಯರ್ ಫಿಲ್ಮ್ ಮಾಡುವ ಹಾರ್ಮನ್, ಚೆಕ್ ದೇಶದ ಹ್ರಾಡೆಟ್ಸ್ ಕ್ರಾಲೊವೆಯಲ್ಲಿ ಫೋಮಾ, ಜರ್ಮನಿಯಲ್ಲಿ ಆಡಾಕ್ಸ್. ಹಾರ್ಮನ್ 2023ರಲ್ಲಿ ಫೀನಿಕ್ಸ್ 200 ಎಂಬ ಕಲರ್ ಫಿಲ್ಮನ್ನೂ ತಂದಿತು. ಕಪ್ಪು-ಬಿಳುಪು ಕೊಳ್ಳುವವರಿಗೆ ಆಯ್ಕೆ ಧಾರಾಳ, ಕಲರ್ ನೆಗೆಟಿವ್‌ಗೆ ಕಡಿಮೆ, ಸ್ಲೈಡ್ ಫಿಲ್ಮಿಗೆ ಬೆರಳೆಣಿಕೆ. ಹೊಸಬರು ಒಂದೇ ಕಪ್ಪು-ಬಿಳುಪು ಫಿಲ್ಮ್ ಹಿಡಿದು ಹತ್ತಾರು ರೋಲ್ ಓಡಿಸುವುದು ಒಳ್ಳೆಯದು. ಫಿಲ್ಮ್ ಬದಲಾಗುತ್ತಲೇ ಇದ್ದರೆ ತಪ್ಪು ಎಲ್ಲಿಂದ ಬಂತು ಎಂದು ತಿಳಿಯುವುದೇ ಇಲ್ಲ.

ಅಂಗಡಿಯಲ್ಲಿ ನೋಡಬೇಕಾದದ್ದು ಅವಧಿಯ ತಾರೀಖು, ಅದರ ಜೊತೆಗೆ ಡಬ್ಬಿ ಎಲ್ಲಿ ಕೂತಿದೆ ಎಂಬುದು. ಬಿಸಿಲು ಬೀಳುವ ಗಾಜಿನ ಕಪಾಟಿನಲ್ಲಿಟ್ಟ ರೋಲಿಗೆ ತಾರೀಖು ಇನ್ನೂ ಇದ್ದರೂ ಆಯಸ್ಸು ಕಳೆದಿರಬಹುದು. ಶಾಖ ಫಿಲ್ಮಿಗೆ ಬೆಳಕಿನಷ್ಟೇ ವೈರಿ. ದಿನಗಳ ಮಟ್ಟಿಗೆ ಕೋಣೆಯ ತಂಪು ಸಾಕು. ತಿಂಗಳುಗಟ್ಟಲೆ ಇಡುವುದಾದರೆ 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ, ಅಂದರೆ ಫ್ರಿಜ್‌ನಲ್ಲಿ. ವರ್ಷಗಟ್ಟಲೆ ಆದರೆ ಫ್ರೀಜರ್‌ನಲ್ಲಿ. ಕಾರ್ಖಾನೆಯ ಸೀಲ್ ಒಡೆಯದೆ, ಇನ್ನೊಂದು ಗಾಳಿಯಾಡದ ಚೀಲದಲ್ಲಿ ಹಾಕಿಡಿ. ಹೊರಗೆ ತೆಗೆದ ತಕ್ಷಣ ಸೀಲ್ ಒಡೆದರೆ ತಣ್ಣನೆಯ ಫಿಲ್ಮಿನ ಮೇಲೆ ಗಾಳಿಯ ತೇವ ಹನಿಗಟ್ಟುತ್ತದೆ. ಫ್ರಿಜ್‌ನಿಂದ ತೆಗೆದ ಮೇಲೆ ಒಂದು ಗಂಟೆ, ಫ್ರೀಜರ್ ಆದರೆ ಎರಡು ಗಂಟೆ ಹಾಗೇ ಬಿಡಿ. 120 ರೋಲ್‌ಗೆ ತೇವದಿಂದ ಇನ್ನೊಂದು ಕಾಟವಿದೆ: ಕಾಗದದ ಮೇಲಿನ ಅಂಕಿಯ ಮಸಿ ಫಿಲ್ಮಿಗೆ ತಗುಲಿ, ಆಕಾಶದ ನಡುವೆ ಅಂಕಿಗಳು ಮಸುಕಾಗಿ ಮೂಡುತ್ತವೆ. ಇದು ಲ್ಯಾಬಿನ ತಪ್ಪೂ ಅಲ್ಲ, ಕ್ಯಾಮೆರಾದ ತಪ್ಪೂ ಅಲ್ಲ.

ಅವಧಿ ಮೀರಿದ ರೋಲ್ ಅಗ್ಗಕ್ಕೆ ಸಿಗುತ್ತದೆ. ಕಲರ್ ನೆಗೆಟಿವ್ ಆದರೆ ಪ್ರತಿ ಹತ್ತು ವರ್ಷಕ್ಕೆ ಒಂದು ಸ್ಟಾಪ್ ಹೆಚ್ಚು, ಅಂದರೆ ಇಮ್ಮಡಿ, ಬೆಳಕು ಕೊಡಬೇಕೆಂಬ ಲೆಕ್ಕ ರೂಢಿಯಲ್ಲಿದೆ. ಅದು ಅಂದಾಜು, ಶಾಸನವಲ್ಲ. ಕಡಿಮೆ ವೇಗದ (ಹೆಚ್ಚು ಬೆಳಕು ಕೇಳುವ) ಕಪ್ಪು-ಬಿಳುಪು ಫಿಲ್ಮ್ ಬಹಳ ಕಾಲ ತಡೆಯುತ್ತದೆ, 1600, 3200ರಂಥ ವೇಗದವು ಬೇಗ ಫಾಗ್ ಹಿಡಿಯುತ್ತವೆ, ಹಳೆಯ ಸ್ಲೈಡ್ ಫಿಲ್ಮಿನಲ್ಲಿ ಬಣ್ಣವೇ ವಾಲುತ್ತದೆ. ‘ಫ್ರಿಜ್‌ನಲ್ಲಿಟ್ಟದ್ದು’ ಎಂದು ಎಲ್ಲರೂ ಬರೆಯುತ್ತಾರೆ. ಒಂದೇ ಬ್ಯಾಚ್ ಸಂಖ್ಯೆಯ ಹತ್ತು ರೋಲ್ ಇದ್ದರೆ ಮೊದಲು ಒಂದನ್ನು ಕೊಂಡು ತೊಳೆಸಿ ನೋಡಿ, ಆಮೇಲೆ ಉಳಿದದ್ದು. ಮತ್ತೆ ಬಾರದ ಸಂದರ್ಭದ ಚಿತ್ರಕ್ಕೆ ಅವಧಿ ಮೀರಿದ ರೋಲ್ ಹಾಕಲೇಬಾರದು.

ಹಳೆಯ ಕ್ಯಾಮೆರಾಕ್ಕೆ ಎಷ್ಟು ವೇಗದ ಫಿಲ್ಮ್? ಬಾಕ್ಸ್ ಕ್ಯಾಮೆರಾಗಳ ಶಟರ್ ಸುಮಾರು 1/30ರಿಂದ 1/60 ಸೆಕೆಂಡ್, ಲೆನ್ಸ್ ತೆರವು ಎಫ್/11 ಅಥವಾ ಎಫ್/16ರ ಆಸುಪಾಸು. ಬಿಸಿಲಿಗೆ 100 ಐಎಸ್‌ಒ ಹೊಂದುತ್ತದೆ, ಮೋಡವಿದ್ದರೆ 400. ಬಿಸಿಲಲ್ಲಿ 400 ಹಾಕಿದರೆ ಮೂರು-ನಾಲ್ಕು ಸ್ಟಾಪ್ ಹೆಚ್ಚು ಬೆಳಕು ಬೀಳುತ್ತದೆ. ನೆಗೆಟಿವ್ ಫಿಲ್ಮ್ ಅದನ್ನು ತಾಳಿಕೊಳ್ಳುತ್ತದೆ, ಸ್ಲೈಡ್ ತಾಳುವುದಿಲ್ಲ. ಕೆಂಪು ಕಿಟಕಿಯ ಬಗ್ಗೆಯೂ ಎಚ್ಚರ ಬೇಕು. ಆ ಕಿಟಕಿ ಮಾಡಿದ ಕಾಲದ ಫಿಲ್ಮಿಗೆ ಕೆಂಪು ಬೆಳಕು ಕಾಣುತ್ತಿರಲಿಲ್ಲ, ಈಗಿನ ಪ್ಯಾಂಕ್ರೊಮ್ಯಾಟಿಕ್ ಫಿಲ್ಮಿಗೆ ಕಾಣುತ್ತದೆ. ಕಪ್ಪು ಟೇಪ್ ಅಂಟಿಸಿಟ್ಟು, ಸುತ್ತುವಾಗ ಮಾತ್ರ ನೆರಳಿನಲ್ಲಿ ಎತ್ತಿ ನೋಡಿ. ರೋಲೈ ಸೂಪರ್‌ಪ್ಯಾನ್ 200ರಂಥ ಪಾಲಿಯೆಸ್ಟರ್ ತಳದ ಫಿಲ್ಮುಗಳಲ್ಲಿ ಬೆಳಕು ಅಂಚಿನಿಂದ ಕೊಳವೆಯಲ್ಲಿ ಹರಿದಂತೆ ಒಳಗೆ ಹೋಗುವುದರಿಂದ ಮಬ್ಬು ಬೆಳಕಿನಲ್ಲೇ ಲೋಡ್ ಮಾಡಬೇಕು.

ಮಾತು ಮೀಟರ್ ಕಡೆಗೂ ಸ್ವಲ್ಪ ಹೊರಳಲಿ. 1960-70ರ ದಶಕದ ಅನೇಕ ಕ್ಯಾಮೆರಾಗಳು ಕೇಳುವುದು 1.35 ವೋಲ್ಟಿನ ಪಾದರಸದ ಬ್ಯಾಟರಿ, ಅದು ಈಗ ಸಿಗುವುದಿಲ್ಲ. ಅದೇ ಗಾತ್ರದ 1.5 ವೋಲ್ಟಿನ ಆಲ್ಕಲೈನ್ ಹಾಕಿದರೆ ಎಷ್ಟೋ ಕ್ಯಾಮೆರಾಗಳ ಮೀಟರ್ ತಪ್ಪು ಹೇಳುತ್ತದೆ, ಬ್ಯಾಟರಿ ಇಳಿದಂತೆಲ್ಲ ತಪ್ಪಿನ ಪ್ರಮಾಣವೂ ಬದಲಾಗುತ್ತದೆ. ಶ್ರವಣ ಯಂತ್ರಕ್ಕೆ ಬಳಸುವ 675 ಝಿಂಕ್-ಏರ್ ಬ್ಯಾಟರಿಯ ವೋಲ್ಟೇಜ್ ಹತ್ತಿರವಿದೆ, ಒಂದು ಬಳೆ ಸೇರಿಸಿ ಕೂರಿಸಿದರೆ ಕೆಲಸ ನಡೆಯುತ್ತದೆ. ತೆಳು ನೆಗೆಟಿವ್ ಬಂದಾಗ ಲ್ಯಾಬನ್ನು ದೂರುವ ಮೊದಲು ಈ ಬ್ಯಾಟರಿ ನೋಡಿ.

ಇನ್ನು ಲ್ಯಾಬ್. ಸಿ-41 ಡೆವಲಪರ್ 37.8 ಡಿಗ್ರಿಯಲ್ಲಿ, 3 ನಿಮಿಷ 15 ಸೆಕೆಂಡ್ ಕೆಲಸ ಮಾಡಬೇಕು. ಶಾಖದ ಹೆಚ್ಚುಕಡಿಮೆ ಡಿಗ್ರಿಯ ಕಾಲುಭಾಗ ಮೀರಿದರೂ ಬಣ್ಣದಲ್ಲಿ ತಿಳಿಯುತ್ತದೆ. ಯಂತ್ರದ ಟ್ಯಾಂಕಿನಲ್ಲಿರುವ ಡೆವಲಪರನ್ನು ಪ್ರತಿ ಸಲ ಚೆಲ್ಲುವುದಿಲ್ಲ. ಒಂದೊಂದು ರೋಲ್ ಹಾದುಹೋದಂತೆ ಇಷ್ಟಿಷ್ಟು ಮಿಲಿಲೀಟರ್ ಹೊಸ ದ್ರವ ಸೇರುತ್ತಾ, ಅಷ್ಟೇ ಹಳೆಯದು ಹೊರಹೋಗುತ್ತಾ ಅದು ಸಮತೋಲದಲ್ಲಿ ಉಳಿಯುತ್ತದೆ. ರೋಲ್ ಬಾರದಿದ್ದರೆ ಹೊಸ ದ್ರವವೂ ಸೇರುವುದಿಲ್ಲ, ಇದ್ದದ್ದು ಗಾಳಿ ತಗುಲಿ ಸಾಯುತ್ತದೆ. ದಿನವೂ ಸೇದುವ ಬಾವಿಯ ನೀರು ತಿಳಿಯಾಗಿರುವ ಹಾಗೆ, ದಿನವೂ ಓಡುವ ಟ್ಯಾಂಕು ಮಾತ್ರ ನಂಬಿಕೆಗೆ ಯೋಗ್ಯ.

ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ: ವಾರಕ್ಕೆ ಎಷ್ಟು ಸಲ ಸಿ-41 ಓಡಿಸುತ್ತೀರಿ? ಎರಡನೆಯದು: ಕಂಟ್ರೋಲ್ ಸ್ಟ್ರಿಪ್ ಹಾಕುತ್ತೀರಾ? ಅಳೆದ ಬೆಳಕು ಕೊಟ್ಟು ತಯಾರಕರೇ ಕಳಿಸುವ ಪಟ್ಟಿ ಅದು. ತೊಳೆದು, ಡೆನ್ಸಿಟೋಮೀಟರ್‌ನಲ್ಲಿ ಅಳೆದರೆ ಟ್ಯಾಂಕಿನ ಆರೋಗ್ಯ ಅಂಕಿಯಲ್ಲಿ ಗೊತ್ತಾಗುತ್ತದೆ. ಒಳ್ಳೆಯ ಲ್ಯಾಬಿನವರು ಈ ಪ್ರಶ್ನೆಗೆ ಬೇಸರ ಮಾಡಿಕೊಳ್ಳುವುದಿಲ್ಲ, ಖುಷಿಯಿಂದ ತೋರಿಸುತ್ತಾರೆ. ಕಪ್ಪು-ಬಿಳುಪಾದರೆ ಯಾವ ಡೆವಲಪರ್, ಫಿಲ್ಮಿಗೆ ತಕ್ಕಂತೆ ಸಮಯ ಬದಲಿಸುತ್ತೀರಾ ಎಂದು ಕೇಳಿ. ಎಲ್ಲ ಫಿಲ್ಮಿಗೂ ಒಂದೇ ಸಮಯ ಎಂದರೆ ಬೇರೆ ಕಡೆ ನೋಡಿ. ಇ-6 ಎಲ್ಲ ಕಡೆ ಇರುವುದಿಲ್ಲ, ಇರುವಲ್ಲೂ ಸಾಕಷ್ಟು ರೋಲ್ ಕೂಡುವ ತನಕ ಕಾಯಿಸುತ್ತಾರೆ. ಕಾಯಿಸುವುದು ಒಳ್ಳೆಯ ಲಕ್ಷಣವೇ.

ನೆಗೆಟಿವ್ ವಾಪಸ್ ಕೇಳುವುದನ್ನು ಮರೆಯಬೇಡಿ. ಸ್ಕ್ಯಾನ್ ಕಳಿಸಿ ನೆಗೆಟಿವ್ ಬಿಸಾಡುವ ಲ್ಯಾಬುಗಳಿವೆ. ಸ್ಕ್ಯಾನ್ ಎನ್ನುವುದು ಯಾರೋ ಒಬ್ಬರು ಅವಸರದಲ್ಲಿ ಮಾಡಿದ ವ್ಯಾಖ್ಯಾನ, ಮೂಲ ಇರುವುದು ನೆಗೆಟಿವ್‌ನಲ್ಲಿ. 3000×2000 ಪಿಕ್ಸೆಲ್ಲಿನ ಸ್ಕ್ಯಾನಿನಿಂದ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಹತ್ತಿಂಚು ಅಗಲದ ಪ್ರಿಂಟ್ ಬರುತ್ತದೆ, ಅದಕ್ಕಿಂತ ದೊಡ್ಡದು ಬೇಕಾದರೆ ಮುಂಚೆಯೇ ಹೇಳಿ. ನೆಗೆಟಿವನ್ನು ಆರಾರು ಚಿತ್ರಕ್ಕೆ ಕತ್ತರಿಸಿ ಪಾರದರ್ಶಕ ಲಕೋಟೆಗೆ ಹಾಕಿಕೊಡಲು ಹೇಳಿ, ಸುರುಳಿ ಸುತ್ತಿ ಡಬ್ಬಿಗೆ ತುರುಕಿದರೆ ಗೀರು ಖಂಡಿತ.

ನೆಗೆಟಿವ್ ಕೈಗೆ ಬಂದ ಮೇಲೆ ಅದನ್ನು ಬಿಳಿ ಪರದೆಯ ಮುಂದೆ ಹಿಡಿದು ಓದಲು ಕಲಿಯಬೇಕು. ಮೊದಲು ಚಿತ್ರ ನೋಡಬೇಡಿ, ಅಂಚು ನೋಡಿ. ಕಂಪನಿಯ ಹೆಸರು, ಚಿತ್ರದ ಸಂಖ್ಯೆ ಅಂಚಿನಲ್ಲಿರುತ್ತವೆ. ಅವನ್ನು ಕಾರ್ಖಾನೆಯಲ್ಲೇ ಬೆಳಕಿನಿಂದ ಬರೆದಿರುತ್ತಾರೆ, ನಿಮ್ಮ ಕ್ಯಾಮೆರಾದ ಪಾತ್ರ ಅದರಲ್ಲಿಲ್ಲ. ಆ ಅಕ್ಷರ ದಟ್ಟವಾಗಿ, ಚೂಪಾಗಿ ಇದ್ದು ಚಿತ್ರ ಮಾತ್ರ ತೆಳುವಾಗಿದ್ದರೆ ತೊಳೆದದ್ದು ಸರಿ, ಬೆಳಕು ಸಾಲಲಿಲ್ಲ. ಅಕ್ಷರವೂ ಚಿತ್ರವೂ ಎರಡೂ ತೆಳುವಾದರೆ ಡೆವಲಪರ್ ಸೋತಿದೆ. ಅಕ್ಷರ ಚೆನ್ನಾಗಿದ್ದು ಚಿತ್ರವೇ ಇಲ್ಲದಿದ್ದರೆ ಫಿಲ್ಮ್ ಮುಂದಕ್ಕೆ ಸರಿದೇ ಇಲ್ಲ, ಇಲ್ಲವೇ ಶಟರ್ ತೆರೆದಿಲ್ಲ. ಅಕ್ಷರವೂ ಇಲ್ಲದ ಖಾಲಿ ಪಟ್ಟಿ ಬಂದರೆ ಡೆವಲಪರ್ ಸತ್ತಿತ್ತು ಅಥವಾ ಫಿಕ್ಸರ್ ಮೊದಲು ಬಿತ್ತು. ಕಪ್ಪು ಗೆರೆಗಳು ಚಿತ್ರದ ಚೌಕಟ್ಟು ದಾಟಿ ಹಲ್ಲಿನ ತೂತುಗಳವರೆಗೂ ಹರಡಿದ್ದರೆ ಹಿಂಬಾಗಿಲ ಸೀಲಿನಿಂದ ಬೆಳಕು ಬಂದಿದೆ. ಚೌಕಟ್ಟಿನೊಳಗೇ ನಿಂತಿದ್ದರೆ ಮಡಚುವ ಕ್ಯಾಮೆರಾದ ಮಡಿಕೆಯ ಗೂಡಾದ ಬೆಲ್ಲೋಸ್‌ನಲ್ಲಿ ತೂತು ಇರಬಹುದು. ಕತ್ತಲಲ್ಲಿ ಒಳಗಿನಿಂದ ಟಾರ್ಚ್ ಬಿಟ್ಟರೆ ಮೂಲೆಯ ಮಡಿಕೆಗಳಲ್ಲಿ ಚುಕ್ಕೆ ಮಿನುಗುತ್ತದೆ. ಕಲರ್ ನೆಗೆಟಿವ್ ಮಂಕಾಗಿ, ಬಣ್ಣ ಸತ್ತಂತೆ ಬಂದರೆ ಬ್ಲೀಚ್ ಸಾಲದೆ ಬೆಳ್ಳಿ ಉಳಿದಿರಬಹುದು. ಮತ್ತೆ ಬ್ಲೀಚ್, ಫಿಕ್ಸ್ ಮಾಡಿದರೆ ಅದು ಸರಿಹೋಗುತ್ತದೆ. ನೆರಳು ಒಂದು ಬಣ್ಣಕ್ಕೆ, ಬೆಳಕು ಇನ್ನೊಂದು ಬಣ್ಣಕ್ಕೆ ವಾಲಿದ್ದರೆ ಡೆವಲಪರ್ ಕೆಟ್ಟಿದೆ, ಅದಕ್ಕೆ ಪರಿಹಾರವಿಲ್ಲ.

ಕಲರನ್ನು ಲ್ಯಾಬಿಗೆ ಕೊಡಿ, ಕಪ್ಪು-ಬಿಳುಪನ್ನು ಮನೆಯಲ್ಲಿ ತೊಳೆಯಿರಿ: ಇದು ನನ್ನ ದೃಢವಾದ ಅಭಿಪ್ರಾಯ. ಕಲರ್ ಕಿಟ್ ಕಲಸಿದ ಮೇಲೆ ಬೇಗ ಮುಗಿಸಬೇಕು, ಎಂಟು-ಹತ್ತು ರೋಲ್ ಕೂಡಿಟ್ಟುಕೊಂಡು ಒಂದೆರಡು ದಿನದಲ್ಲಿ ತೊಳೆಯುವವರಿಗೆ ಮಾತ್ರ ಅದು ಲಾಭ. ಕಪ್ಪು-ಬಿಳುಪಿನಲ್ಲಿ ಹಾಗಿಲ್ಲ, ಡೆವಲಪರನ್ನು ಪ್ರತಿ ರೋಲಿಗೂ ಹೊಸದಾಗಿ ಬೆರೆಸಿ ಚೆಲ್ಲಬಹುದು.

ಡಿ-76 ಅಥವಾ ಐಡಿ-11 ಎಂಬ ಡೆವಲಪರ್ ಪುಡಿಯಿಂದ ಶುರು ಮಾಡಿ, ಎರಡೂ ಹೆಚ್ಚುಕಡಿಮೆ ಒಂದೇ. ಪೊಟ್ಟಣದ ಪುಡಿಯನ್ನೆಲ್ಲ ಒಂದೇ ಸಲ ಕಲಸಬೇಕು, ಅರ್ಧ ಎತ್ತಿಡುವಂತಿಲ್ಲ, ಯಾಕೆಂದರೆ ಒಳಗಿನ ಪುಡಿಗಳು ಸಮವಾಗಿ ಬೆರೆತಿರುವುದಿಲ್ಲ. ಕಲಸಿದ ದ್ರವ ತುಂಬಿದ ಬಾಟಲಿಯಲ್ಲಿ ಆರು ತಿಂಗಳು, ಅರ್ಧ ಖಾಲಿ ಬಾಟಲಿಯಲ್ಲಿ ಎರಡು ತಿಂಗಳು ಬಾಳುತ್ತದೆ. ದೊಡ್ಡ ಬಾಟಲಿಗಿಂತ ಚಿಕ್ಕ ಬಾಟಲಿಗಳಿಗೆ ಕಂಠಮಟ್ಟ ತುಂಬಿಡುವುದು ಅದಕ್ಕೇ. ಪ್ಯಾಟರ್ಸನ್ ಟ್ಯಾಂಕಿಗೆ ಒಂದು 35 ಎಂಎಂ ರೋಲಿಗೆ 290 ಮಿ.ಲೀ., 120 ರೋಲಿಗೆ 500 ಮಿ.ಲೀ. ಬೇಕು. 1+1 ಎಂದರೆ ಮೊದಲನೆಯದಕ್ಕೆ 150 ಮಿ.ಲೀ. ಡೆವಲಪರ್, 150 ನೀರು. ಇಲ್ಫರ್ಡ್ ಎಚ್‌ಪಿ5 ಪ್ಲಸ್ ಐಡಿ-11ರ 1+1ರಲ್ಲಿ, 20 ಡಿಗ್ರಿಯಲ್ಲಿ 13 ನಿಮಿಷ. ಎಫ್‌ಪಿ4 ಪ್ಲಸ್ ಆದರೆ 11. ನೀರು 24 ಡಿಗ್ರಿಗಿಂತ ಕೆಳಗಿಳಿಯದಿದ್ದರೆ 13 ನಿಮಿಷವನ್ನು ಸುಮಾರು 9ಕ್ಕೆ ಇಳಿಸಿ. ಆದರೆ ಯಾವ ಫಿಲ್ಮನ್ನೂ 5 ನಿಮಿಷಕ್ಕಿಂತ ಕಡಿಮೆ ತೊಳೆಯುವ ಲೆಕ್ಕಕ್ಕೆ ಹೋಗಬೇಡಿ, ದ್ರವ ಎಲ್ಲ ಕಡೆ ಸಮವಾಗಿ ಕೆಲಸ ಮಾಡುವಷ್ಟು ಹೊತ್ತು ಸಿಗುವುದಿಲ್ಲ.

ಸುರಿದ ಕೂಡಲೇ ಹತ್ತು ಸೆಕೆಂಡಿನಲ್ಲಿ ನಾಲ್ಕು ಸಲ ಟ್ಯಾಂಕು ತಲೆಕೆಳಗು ಮಾಡಿ, ಮೇಜಿಗೆ ಒಮ್ಮೆ ತಟ್ಟಿ; ತಟ್ಟದಿದ್ದರೆ ಗಾಳಿಗುಳ್ಳೆ ಕೂತಲ್ಲಿ ದುಂಡು ಕಲೆ ಉಳಿಯುತ್ತದೆ. ಪ್ರತಿ ನಿಮಿಷದ ಮೊದಲ ಹತ್ತು ಸೆಕೆಂಡ್ ಹೀಗೇ. ಆಮೇಲೆ ಡೆವಲಪರಿನ ಕೆಲಸ ನಿಲ್ಲಿಸುವ ಸ್ಟಾಪ್ ಬಾತ್, ಆಮೇಲೆ 1+4 ರ‍್ಯಾಪಿಡ್ ಫಿಕ್ಸರ್ 3ರಿಂದ 5 ನಿಮಿಷ. ಫಿಕ್ಸರ್ ಬದುಕಿದೆಯೇ ಎಂದು ತಿಳಿಯಲು ಫಿಲ್ಮಿನ ತಲೆಯ ಚೂರನ್ನು ಬೆಳಕಿನಲ್ಲೇ ಅದರಲ್ಲಿ ಅದ್ದಿ, ಪಾರದರ್ಶಕವಾಗಲು ಎಷ್ಟು ಹೊತ್ತು ಹಿಡಿಯಿತೆಂದು ಎಣಿಸಿ. ಅದರ ಎರಡು ಪಟ್ಟು ಫಿಕ್ಸ್ ಮಾಡುವ ಸಮಯ. ಹೊಸ ಫಿಕ್ಸರಿನಲ್ಲಿ ಹಿಡಿದದ್ದಕ್ಕಿಂತ ಇಮ್ಮಡಿ ಹೊತ್ತು ಬೇಕಾದರೆ ಅದು ಮುಗಿಯಿತು. ನೀರಿಗೆ ಬಂದರೆ ಟ್ಯಾಂಕ್ ತುಂಬಿ 5 ಸಲ ತಿರುಗಿಸಿ ಚೆಲ್ಲಿ, ಮತ್ತೆ ತುಂಬಿ 10 ಸಲ, ಮತ್ತೆ 20 ಸಲ, ಅಷ್ಟು ಸಾಕು. ಈ ನೀರಿನ ಶಾಖ ಕೆಮಿಕಲ್‌ಗಿಂತ 5 ಡಿಗ್ರಿಗೆ ಹೆಚ್ಚು ವ್ಯತ್ಯಾಸ ಇರಬಾರದು, ಇದ್ದರೆ ಎಮಲ್ಷನ್ ಬಿರುಕು ಬಿಟ್ಟಂತೆ ಸುಕ್ಕಾಗುವ ಸಂಭವವಿದೆ. ಕೊನೆಗೆ 500 ಮಿ.ಲೀ. ನೀರಿಗೆ 2.5 ಮಿ.ಲೀ. ವೆಟಿಂಗ್ ಏಜೆಂಟ್ (ನೀರಿನ ಹನಿಯ ಕಲೆ ಉಳಿಯದಂತೆ ಮಾಡುವ ದ್ರವ) ಹಾಕಿ ಅದ್ದಿ, ದೂಳಿಲ್ಲದ ಕಡೆ ತೂಗುಹಾಕಿ.

ಹೆಚ್ಚಿನವರು ಎಡವುವುದು ಕೆಮಿಕಲ್‌ನಲ್ಲಿ ಅಲ್ಲ, ಕತ್ತಲಲ್ಲಿ ಫಿಲ್ಮನ್ನು ರೀಲಿಗೆ ಏರಿಸುವಾಗ. ರೀಲು ಒಂದಿಷ್ಟು ಒದ್ದೆಯಿದ್ದರೂ ಫಿಲ್ಮ್ ಅಂಟಿಕೊಂಡು ನಿಲ್ಲುತ್ತದೆ. ಚೇಂಜಿಂಗ್ ಬ್ಯಾಗಿನೊಳಗೆ ಕೈ ಬೆವರಿದರೂ ಅದೇ ಗತಿ. ತುದಿಯ ಎರಡು ಮೂಲೆಗಳನ್ನು ದುಂಡಗೆ ಕತ್ತರಿಸಿಕೊಂಡರೆ ಸಲೀಸಾಗಿ ಏರುತ್ತದೆ. ಬಲವಂತ ಮಾಡಿದರೆ ಫಿಲ್ಮ್ ಮಡಚಿದ ಜಾಗದಲ್ಲಿ ಅರ್ಧಚಂದ್ರದ ಗುರುತು ಮೂಡುತ್ತದೆ, ಎರಡು ಸುತ್ತು ಒಂದಕ್ಕೊಂದು ತಗುಲಿದ ಕಡೆ ತೊಳೆಯದ ತೇಪೆ ಉಳಿಯುತ್ತದೆ. ಸಿಕ್ಕಿಕೊಂಡಿತೆನಿಸಿದರೆ ಎಲ್ಲವನ್ನೂ ಟ್ಯಾಂಕಿಗೆ ಹಾಕಿ ಮುಚ್ಚಿ, ಕೈ ಹೊರಗೆ ತೆಗೆದು ಒರೆಸಿಕೊಂಡು, ಮತ್ತೆ ಶುರು ಮಾಡಿ. ಬಳಸಿದ ಫಿಕ್ಸರನ್ನು ಚರಂಡಿಗೆ ಸುರಿಯಬೇಡಿ, ಅದರಲ್ಲಿ ಬೆಳ್ಳಿ ಕರಗಿದೆ. ಕ್ಯಾನಿನಲ್ಲಿ ಕೂಡಿಟ್ಟು ಬೆಳ್ಳಿ ತೆಗೆಯುವ ಲ್ಯಾಬಿಗೆ ಒಪ್ಪಿಸಿ.

ಅಂಚೆ, ಕೊರಿಯರ್‌ನಲ್ಲಿ ರೋಲ್ ಕಳಿಸುವವರಿಗೆ ಕೆಲವು ಮಾತು. 120 ರೋಲ್ ಸಡಿಲವಾಗಿ ಸುತ್ತಿಕೊಂಡಿದ್ದರೆ ಅಂಚಿನಿಂದ ಬೆಳಕು ಸೋರುತ್ತದೆ, ಮಬ್ಬು ಬೆಳಕಿನಲ್ಲಿ ಬಿಗಿ ಮಾಡಿ ಅಂಟುಪಟ್ಟಿ ಹಚ್ಚಿ, ಫಾಯಿಲಿನಲ್ಲಿ ಸುತ್ತಿ. ಮುಗಿದ 35 ಎಂಎಂ ಫಿಲ್ಮಿನ ತುದಿಯನ್ನು ಕ್ಯಾಸೆಟ್‌ನೊಳಗೆ ಎಳೆದುಬಿಡಿ, ಹೊರಗಿದ್ದರೆ ಹೊಸದೆಂದು ಮತ್ತೆ ಕ್ಯಾಮೆರಾಕ್ಕೆ ಹಾಕುವ ಅಪಾಯವಿದೆ. 400ರ ಫಿಲ್ಮನ್ನು 1600 ಎಂದು ತೆಗೆದಿದ್ದರೆ ‘ಪುಶ್ 2’ (ಎರಡು ಸ್ಟಾಪಿನಷ್ಟು ಹೆಚ್ಚು ತೊಳೆಯಿರಿ) ಎಂದು ಕ್ಯಾಸೆಟ್ ಮೇಲೆಯೇ ಅಳಿಯದ ಪೆನ್ನಿನಲ್ಲಿ ಬರೆಯಿರಿ, ಜೊತೆಗಿಟ್ಟ ಚೀಟಿ ಕತ್ತಲೆ ಕೋಣೆಯ ತನಕ ಹೋಗುವುದಿಲ್ಲ. ವಾರದ ಕೊನೆಗೆ ಕಳಿಸಬೇಡಿ, ಪೊಟ್ಟಣ ಎರಡು ದಿನ ಎಲ್ಲೋ ಬಿಸಿಯಾದ ಗೋದಾಮಿನಲ್ಲಿ ಕೂರುತ್ತದೆ. ವಿಮಾನದಲ್ಲಿ ಹೋಗುವಾಗ ರೋಲ್‌ಗಳನ್ನು ಪಾರದರ್ಶಕ ಚೀಲದಲ್ಲಿ ಹಾಕಿ ಕೈಯಲ್ಲೇ ತಪಾಸಣೆ ಮಾಡಲು ಕೇಳಿ. ಒಳಗೆ ಕಳಿಸುವ ಲಗೇಜಿನ ಸ್ಕ್ಯಾನರೂ ಹೊಸ ಸಿಟಿ ಸ್ಕ್ಯಾನರೂ ಒಂದೇ ಸಲಕ್ಕೆ ಫಾಗ್ ಹಿಡಿಸಬಲ್ಲವು. ಒಂದು ಪ್ರವಾಸದ ರೋಲ್‌ಗಳನ್ನೆಲ್ಲ ಒಂದೇ ಪೊಟ್ಟಣದಲ್ಲಿ ಲ್ಯಾಬಿಗೆ ಕಳಿಸದೆ ಎರಡಾಗಿ ಹಂಚಿ, ಮೊದಲನೆಯದರ ನೆಗೆಟಿವ್ ಕೈಸೇರಿದ ಮೇಲೆ ಎರಡನೆಯದನ್ನು ಕಳಿಸಿ.